ಮನುಷ್ಯನ ರಕ್ತ ಹೊತ್ತ ಇಲಿ

2006ರ ಮಾರ್ಚ್ 13, ಸೋಮವಾರ. ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿದ್ದ ಔಷಧ ಪರೀಕ್ಷಾ ಘಟಕವೊಂದರಲ್ಲಿ ಎಂಟು ಮಂದಿ ಆರೋಗ್ಯವಂತ ಯುವಕರು ಸೇರಿದ್ದರು. ಹಣ ಪಡೆದು ಔಷಧ ಪರೀಕ್ಷೆಗೆ ಒಪ್ಪಿಕೊಂಡು ಬಂದವರು ಅವರು. ಆರು ಮಂದಿಗೆ ಹೊಸ ಔಷಧಿಯನ್ನೂ ಇಬ್ಬರಿಗೆ ಔಷಧಿಯಿಲ್ಲದ ಬರಿಯ ದ್ರಾವಣವನ್ನೂ ಹತ್ತು ಹತ್ತು ನಿಮಿಷಗಳ ಅಂತರದಲ್ಲಿ ರಕ್ತನಾಳದ ಮೂಲಕ ನೀಡಲಾಯಿತು. ಔಷಧಿಯ ಹೆಸರು ಟಿಜಿಎನ್ 1412. ದೇಹದ ರೋಗನಿರೋಧಕ ವ್ಯವಸ್ಥೆಯನ್ನು ತಿದ್ದಿ ಒಂದು ಬಗೆಯ ರಕ್ತದ ಕ್ಯಾನ್ಸರನ್ನೂ ಸಂಧಿವಾತವನ್ನೂ ಗುಣಪಡಿಸುವ ಆಸೆಯಿಂದ ಜರ್ಮನಿಯ ಸಂಸ್ಥೆಯೊಂದು ಅದನ್ನು ರೂಪಿಸಿತ್ತು.

ಒಂದೂವರೆ ಗಂಟೆ ಕಳೆಯುವಷ್ಟರಲ್ಲಿ ಔಷಧಿ ಪಡೆದ ಆರೂ ಮಂದಿಗೆ ತಲೆನೋವು, ಬೆನ್ನುನೋವು, ಜ್ವರ ಕಾಣಿಸಿಕೊಂಡವು. ರಕ್ತದೊತ್ತಡ ಕುಸಿಯಿತು. ಶ್ವಾಸಕೋಶ, ಮೂತ್ರಪಿಂಡಗಳು ಸೋಲತೊಡಗಿದವು. ಆರೂ ಜನರನ್ನು ತೀವ್ರ ನಿಗಾ ಘಟಕಕ್ಕೆ ಸಾಗಿಸಬೇಕಾಯಿತು. ವೈದ್ಯರ ಶ್ರಮದಿಂದ ಎಲ್ಲರೂ ಬದುಕಿ ಉಳಿದರಾದರೂ ಒಬ್ಬರು ಕಾಲ್ಬೆರಳುಗಳನ್ನೂ ಕೈಬೆರಳುಗಳ ತುದಿಗಳನ್ನೂ ಕಳೆದುಕೊಂಡರು.

ಕೊಟ್ಟ ಪ್ರಮಾಣವೇನೂ ದೊಡ್ಡದಾಗಿರಲಿಲ್ಲ. ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.1 ಮಿಲಿಗ್ರಾಂ ಮಾತ್ರ. ಪ್ರಾಣಿಗಳಲ್ಲಿ ಸುರಕ್ಷಿತವೆಂದು ಕಂಡುಬಂದಿದ್ದ ಪ್ರಮಾಣದ ಐನೂರರಲ್ಲಿ ಒಂದು ಪಾಲು! ಕೋತಿಗಳು ಅಷ್ಟು ದೊಡ್ಡ ಪ್ರಮಾಣವನ್ನು ತಾಳಿಕೊಂಡಿದ್ದವು. ಮನುಷ್ಯರು ಅದರ ಚೂರನ್ನೂ ತಾಳಲಿಲ್ಲ. ಏಕೆಂಬುದಕ್ಕೆ ಉತ್ತರವನ್ನು ಬ್ರಿಟನ್ನಿನ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದರು. ರೋಗಾಣುಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಟಿ ಕೋಶಗಳೆಂಬ ಒಂದು ವರ್ಗವಿದೆ. ಹಿಂದಿನ ಸೋಂಕುಗಳ ನೆನಪನ್ನು ಉಳಿಸಿಕೊಂಡಿರುವ ಒಂದು ಬಗೆಯ ಟಿ ಕೋಶಗಳ ಮೈಮೇಲೆ ಮನುಷ್ಯರಲ್ಲಿ ಸಿಡಿ28 ಎಂಬ ಪ್ರೊಟೀನ್ ಇರುತ್ತದೆ. ಟಿಜಿಎನ್ 1412 ಒತ್ತುತ್ತಿದ್ದುದು ಇದೇ ಗುಂಡಿಯನ್ನು. ಪರೀಕ್ಷೆಗೆ ಬಳಸಿದ ಜಾತಿಯ ಕೋತಿಗಳ ಅದೇ ಬಗೆಯ ಕೋಶಗಳಲ್ಲಿ ಆ ಗುಂಡಿಯೇ ಇರಲಿಲ್ಲ. ಒತ್ತಲು ಗುಂಡಿಯಿಲ್ಲದ ಮೇಲೆ ಗಂಟೆ ಬಾರಿಸುವುದಾದರೂ ಹೇಗೆ?

ಈ ಘಟನೆ ಒಂದು ಹಳೆಯ ಪ್ರಶ್ನೆಯನ್ನು ಜಗತ್ತಿನ ಮುಂದೆ ಮತ್ತೆ ತಂದಿಟ್ಟಿತು. ಮನುಷ್ಯನ ರೋಗನಿರೋಧಕ ವ್ಯವಸ್ಥೆಯ ಮೇಲೆ ಕೆಲಸ ಮಾಡುವ ಔಷಧಿಯನ್ನು ಮನುಷ್ಯನಿಗೆ ಕೊಡುವ ಮೊದಲು ಯಾರ ಮೇಲೆ ಪರೀಕ್ಷಿಸಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ವಿಜ್ಞಾನಿಗಳು ಒಂದು ವಿಚಿತ್ರ ಪ್ರಾಣಿಯನ್ನು ರೂಪಿಸಿದ್ದಾರೆ. ಅದರ ಮೈ ಇಲಿಯದು. ರಕ್ತಕಣಗಳೋ ಜೀನುಗಳೋ ಮನುಷ್ಯನವು. ಪ್ರಯೋಗಾಲಯದ ಭಾಷೆಯಲ್ಲಿ ಅದು ‘ಮಾನವೀಕೃತ ಇಲಿ’. ಅದು ರೂಪುಗೊಂಡ ಕಥೆ ನೂರು ವರ್ಷಗಳಿಗೂ ಹಿಂದಕ್ಕೆ ಹೋಗುತ್ತದೆ.

ಶಾಲಾ ಶಿಕ್ಷಕಿಯ ಇಲಿಗಳು

ದೇಹದ ಸ್ವಂತ ಶಕ್ತಿಯಿಂದಲೇ ಕ್ಯಾನ್ಸರನ್ನು ಎದುರಿಸಬಹುದೆಂಬ ಆಲೋಚನೆ ಹೊಸದಲ್ಲ. 1891ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ, ಕತ್ತಿನಲ್ಲಿ ದೊಡ್ಡ ಗಡ್ಡೆ ಬೆಳೆದಿದ್ದ ರೋಗಿಯೊಬ್ಬನಿಗೆ ಬೇಕೆಂದೇ ಬ್ಯಾಕ್ಟೀರಿಯಾಗಳನ್ನು ಚುಚ್ಚಿದ. ರೋಗಿಗೆ ಭಾರೀ ಜ್ವರ ಬಂತು. ಜೊತೆಗೆ ಗಡ್ಡೆಯೂ ಕರಗಿತು. ಆತ ಮತ್ತೆ ಎಂಟು ವರ್ಷ ಬದುಕಿದ್ದ. 1909ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್, ದೇಹದಲ್ಲಿ ಆಗಾಗ ಹುಟ್ಟುವ ಕ್ಯಾನ್ಸರ್ ಕೋಶಗಳನ್ನು ರೋಗನಿರೋಧಕ ವ್ಯವಸ್ಥೆಯೇ ಹತ್ತಿಕ್ಕುತ್ತಿರಬೇಕು ಎಂದು ಊಹಿಸಿದ. ಊಹೆಯನ್ನು ಪರೀಕ್ಷಿಸಲು ತಕ್ಕ ಪ್ರಾಣಿ ಮಾತ್ರ ಆಗ ಇರಲಿಲ್ಲ.

ಆ ಪ್ರಾಣಿ ದೊರೆತದ್ದು ಒಬ್ಬ ಮಾಜಿ ಶಾಲಾ ಶಿಕ್ಷಕಿಯ ಮನೆಯಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗ್ರ್ಯಾನ್ಬಿ ಎಂಬ ಊರಿನಲ್ಲಿ ಆ್ಯಬಿ ಲ್ಯಾತ್ರೋಪ್, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಣ್ಣಬಣ್ಣದ ಇಲಿಗಳನ್ನು ಸಾಕಿ ಮಾರುವ ಕಸುಬು ಹಿಡಿದಿದ್ದಳು. ಒಂದು ಕಾಲಕ್ಕೆ ಅವಳಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಇಲಿಗಳಿದ್ದವು. ಕೆಲವು ಇಲಿಗಳ ಚರ್ಮದ ಮೇಲೆ ಕಂಡ ಗಂಟುಗಳನ್ನು ಅವಳು ವಿಜ್ಞಾನಿಗಳಿಗೆ ಕಳುಹಿಸಿದಳು. ಅವು ಕ್ಯಾನ್ಸರ್ ಗಡ್ಡೆಗಳೆಂದು ಲಿಯೊ ಲೋಬ್ ಎಂಬ ರೋಗವಿಜ್ಞಾನಿ ತಿಳಿಸಿದ. ಇಬ್ಬರೂ ಸೇರಿ ಸಂಶೋಧನಾ ಲೇಖನಗಳನ್ನೇ ಪ್ರಕಟಿಸಿದರು. 1918ರಲ್ಲಿ ಅವಳು ತೀರಿಕೊಂಡಳು.

ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ಲಾರೆನ್ಸ್ ಕುಕ್ ಲಿಟಲ್, 1909ರಲ್ಲಿ ಒಂದೇ ಸೂಲಿನ ಗಂಡು ಹೆಣ್ಣು ಇಲಿಗಳನ್ನು ತಲೆಮಾರುಗಳವರೆಗೆ ಕೂಡಿಸಿ, ಎಲ್ಲವೂ ಒಂದೇ ಅಚ್ಚಿನಂತಿರುವ ತಳಿಯನ್ನು ಬೆಳೆಸಲು ಆರಂಭಿಸಿದ. ಇಂದಿಗೂ ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕಪ್ಪು ಇಲಿಯ ತಳಿ 1921ರಲ್ಲಿ ಲ್ಯಾತ್ರೋಪಳ ಇಲಿಗಳ ಸಂತತಿಯಿಂದಲೇ ಹುಟ್ಟಿತು. 1929ರಲ್ಲಿ ಲಿಟಲ್ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜಾಕ್ಸನ್ ಪ್ರಯೋಗಾಲಯವನ್ನು ಸ್ಥಾಪಿಸಿದ. ಇಲಿಗಳು ಒಂದೇ ಅಚ್ಚಿನವಾದ್ದರಿಂದ ಒಂದರ ಗಡ್ಡೆಯನ್ನು ಇನ್ನೊಂದಕ್ಕೆ ನೆಟ್ಟು ಅಭ್ಯಾಸ ಮಾಡುವುದು ಸಾಧ್ಯವಾಯಿತು.

ಆದರೆ ಅದು ಇಲಿಯ ಕ್ಯಾನ್ಸರ್. ಮನುಷ್ಯನ ಗಡ್ಡೆಯ ತುಣುಕನ್ನು ನೆಟ್ಟರೆ ಇಲಿಯ ದೇಹ ಅದನ್ನು ಪರಕೀಯವೆಂದು ಗುರುತಿಸಿ ಕೊಂದುಹಾಕುತ್ತಿತ್ತು. ಇಲಿಯ ಬಹುಪಾಲು ಜೀನುಗಳಿಗೆ ಮನುಷ್ಯನಲ್ಲಿ ಜೋಡಿ ಇದೆಯೆಂಬುದು ನಿಜ. ಆದರೂ ರೋಗನಿರೋಧಕ ವ್ಯವಸ್ಥೆಯಲ್ಲಿ ವ್ಯತ್ಯಾಸಗಳು ಸಾಕಷ್ಟಿವೆ. ಮನುಷ್ಯನ ಬಿಳಿ ರಕ್ತಕಣಗಳಲ್ಲಿ ಶೇಕಡಾ 50ರಿಂದ 70ರಷ್ಟು ನ್ಯೂಟ್ರೊಫಿಲ್‌ಗಳು. ಇಲಿಯಲ್ಲಿ ಅವು ಶೇಕಡಾ 10ರಿಂದ 25 ಮಾತ್ರ, ಉಳಿದವು ಬಹುತೇಕ ಲಿಂಫೋಸೈಟುಗಳು.

ಕೂದಲಿಲ್ಲದ ಇಲಿ

1962ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ರುಚಿಲ್ ಆಸ್ಪತ್ರೆಯ ವೈರಸ್ ಪ್ರಯೋಗಾಲಯದಲ್ಲಿ ಕೂದಲೇ ಇಲ್ಲದ ಕೆಲವು ಮರಿಗಳು ಹುಟ್ಟಿಕೊಂಡವು. ಅಲ್ಲಿನ ಎನ್.ಆರ್. ಗ್ರಿಸ್ಟ್ ಅವುಗಳನ್ನು ಗಮನಿಸಿದರು. 1966ರಲ್ಲಿ ಎಡಿನ್‌ಬರೋದ ಎಸ್.ಪಿ. ಫ್ಲಾನಗನ್ ಇದು ವಂಶಪಾರಂಪರ್ಯವಾಗಿ ಬರುವ ದೋಷವೆಂದು ವಿವರಿಸಿದರು. ಅಸಲು ವಿಷಯ ತಿಳಿದದ್ದು 1968ರಲ್ಲಿ. ಈ ಬೆತ್ತಲೆ ಇಲಿಗಳಿಗೆ ಕೂದಲಷ್ಟೇ ಅಲ್ಲ, ಎದೆಗೂಡಿನ ಥೈಮಸ್ ಗ್ರಂಥಿಯೂ ಇಲ್ಲವೆಂದು ಇ.ಎಂ. ಪ್ಯಾಂಟೆಲೂರಿಸ್ ಕಂಡುಹಿಡಿದರು. ಥೈಮಸ್ ಎಂದರೆ ಟಿ ಕೋಶಗಳ ಪಾಠಶಾಲೆ. ಅದಿಲ್ಲದ ಇಲಿಗೆ ಪರಕೀಯ ಕೋಶವನ್ನು ಹೊರದೂಡುವ ಶಕ್ತಿಯಿಲ್ಲ.

ಮರುವರ್ಷವೇ, 1969ರಲ್ಲಿ, ಕೋಪನ್‌ಹೇಗನ್ನಿನ ರೈಗಾರ್ಡ್ ಮತ್ತು ಪೋವ್ಲ್‌ಸೆನ್ ಎಂಬ ವಿಜ್ಞಾನಿಗಳು ಮನುಷ್ಯನ ದೊಡ್ಡಕರುಳಿನ ಕ್ಯಾನ್ಸರನ್ನು ಬೆತ್ತಲೆ ಇಲಿಯ ಮೈಯಲ್ಲಿ ಬೆಳೆಸಿದರು. ಮನುಷ್ಯನ ಗಡ್ಡೆಗೆ ಕೊನೆಗೂ ಒಂದು ಮನೆ ಸಿಕ್ಕಿತು. ಮುಂದಿನ ದಶಕಗಳಲ್ಲಿ ಕ್ಯಾನ್ಸರ್ ಕೋಶಗಳನ್ನು ನೇರವಾಗಿ ಕೊಲ್ಲುವ ಎಷ್ಟೋ ಔಷಧಿಗಳು ಈ ಇಲಿಗಳ ಮೇಲೆ ಪರೀಕ್ಷೆಗೊಂಡವು.

ಇಲ್ಲಿ ಒಂದು ಇಕ್ಕಟ್ಟಿತ್ತು. ಗಡ್ಡೆ ಬೆಳೆಯಬೇಕಾದರೆ ಇಲಿಗೆ ರೋಗನಿರೋಧಕ ಶಕ್ತಿ ಇರಕೂಡದು. ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ಚಿಕಿತ್ಸೆಯನ್ನು ಪರೀಕ್ಷಿಸಬೇಕಾದರೆ ಆ ಶಕ್ತಿ ಇರಲೇಬೇಕು. ಅದೂ ಮನುಷ್ಯನದೇ ಆಗಿರಬೇಕು.

ಗುಳ್ಳೆಯೊಳಗಿನ ಬಾಲಕ

1983ರಲ್ಲಿ ಫಿಲಡೆಲ್ಫಿಯದ ಫಾಕ್ಸ್ ಚೇಸ್ ಕ್ಯಾನ್ಸರ್ ಕೇಂದ್ರದ ಮೆಲ್ವಿನ್ ಬೋಸ್ಮಾ, ಗೇಲ್ ಬೋಸ್ಮಾ ಮತ್ತು ಸಂಗಡಿಗರು ಇನ್ನೊಂದು ಬಗೆಯ ಇಲಿಯನ್ನು ವರದಿ ಮಾಡಿದರು. ಅವುಗಳ ರಕ್ತದಲ್ಲಿ ಪ್ರತಿಕಾಯಗಳೇ ಇರಲಿಲ್ಲ. ಟಿ ಕೋಶಗಳೂ ಇಲ್ಲ, ಪ್ರತಿಕಾಯ ತಯಾರಿಸುವ ಬಿ ಕೋಶಗಳೂ ಇಲ್ಲ. ಮನುಷ್ಯರ ಶಿಶುಗಳಲ್ಲಿ ಅಪರೂಪಕ್ಕೆ ಕಾಣುವ ತೀವ್ರ ರೋಗನಿರೋಧಕ ಕೊರತೆಯ ಹೆಸರನ್ನೇ ಹಿಡಿದು ಇವನ್ನು ‘ಸ್ಕಿಡ್’ ಇಲಿಗಳೆಂದು ಕರೆದರು.

1988ರ ಹೊತ್ತಿಗೆ ಏಡ್ಸ್ ಜಗತ್ತನ್ನು ನಡುಗಿಸುತ್ತಿತ್ತು. ಏಡ್ಸ್ ವೈರಸ್ ಹಿಡಿಯುವುದು ಮನುಷ್ಯನ ಟಿ ಕೋಶಗಳನ್ನು. ಇಲಿಗೆ ಅದು ತಗಲುವುದಿಲ್ಲ. ಅದೇ ವರ್ಷ ಕ್ಯಾಲಿಫೋರ್ನಿಯದ ಎರಡು ತಂಡಗಳು ಸ್ಕಿಡ್ ಇಲಿಯೊಳಗೆ ಮನುಷ್ಯನ ರಕ್ಷಣಾ ಕೋಶಗಳನ್ನು ನೆಲೆಗೊಳಿಸಿದವು. ಜೋಸೆಫ್ ಮೆಕ್ಯೂನ್ ಅವರ ತಂಡ ಮಾನವ ಭ್ರೂಣದ ಥೈಮಸ್ ಮತ್ತು ಯಕೃತ್ತಿನ ತುಣುಕುಗಳನ್ನು ನೆಟ್ಟರೆ, ಡೊನಾಲ್ಡ್ ಮೋಸಿಯರ್ ತಂಡ ವಯಸ್ಕರ ರಕ್ತದಿಂದ ತೆಗೆದ ಲಿಂಫೋಸೈಟುಗಳನ್ನು ಚುಚ್ಚಿತು. ಕೆನಡಾದ ಟೊರಾಂಟೊದಲ್ಲಿ ಜಾನ್ ಡಿಕ್ ತಂಡ, ರೋಗನಿರೋಧಕ ಶಕ್ತಿ ಕುಂದಿದ ಮತ್ತೊಂದು ತಳಿಯ ಇಲಿಗಳಲ್ಲಿ ಮನುಷ್ಯನ ಅಸ್ಥಿಮಜ್ಜೆಯ ಕೋಶಗಳನ್ನು ನೆಲೆಗೊಳಿಸಿತು. ಮನುಷ್ಯನ ರಕ್ತಕಣ ಹೊತ್ತ ಇಲಿ ಹುಟ್ಟಿದ್ದು ಹೀಗೆ.

ಆದರೂ ಅತಿಥಿ ಕೋಶಗಳು ಹೆಚ್ಚು ಕಾಲ ಬಾಳುತ್ತಿರಲಿಲ್ಲ. ಸ್ಕಿಡ್ ಇಲಿಯಲ್ಲಿ ಇನ್ನೂ ಉಳಿದಿದ್ದ ‘ಸಹಜ ಹಂತಕ’ ಕೋಶಗಳೂ ಕಂಡದ್ದನ್ನು ನುಂಗುವ ಭಕ್ಷಕ ಕೋಶಗಳೂ ಅವನ್ನು ಮುಗಿಸುತ್ತಿದ್ದವು. ಇದಕ್ಕೆ ಪರಿಹಾರದ ಸುಳಿವು ಬಂದದ್ದು ಮಕ್ಕಳ ಕಾಯಿಲೆಯೊಂದರ ಕಡೆಯಿಂದ. ಅಮೆರಿಕದ ಟೆಕ್ಸಾಸಿನಲ್ಲಿ 1971ರಲ್ಲಿ ಹುಟ್ಟಿದ ಬಾಲಕನೊಬ್ಬ ರೋಗನಿರೋಧಕ ಶಕ್ತಿಯೇ ಇಲ್ಲದೆ ಪ್ಲಾಸ್ಟಿಕ್ ಗುಳ್ಳೆಯೊಳಗೆ ಬೆಳೆದು 1984ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ ಅಸುನೀಗಿದ್ದ. ಅಂಥ ಮಕ್ಕಳಲ್ಲಿ ಕೆಟ್ಟಿರುವುದು ಇಂಟರ್‌ಲ್ಯೂಕಿನ್-2 ಗ್ರಾಹಕದ ‘ಗಾಮಾ ಸರಪಳಿ’ ಎಂಬ ಭಾಗದ ಜೀನೆಂದು 1993ರಲ್ಲಿ ತಿಳಿಯಿತು. ಇದೇ ಜೀನನ್ನು ಇಲಿಯಲ್ಲಿ ಕೆಡಿಸಿದರೆ ಸಹಜ ಹಂತಕ ಕೋಶಗಳೂ ಹುಟ್ಟುವುದಿಲ್ಲ.

ಜಪಾನಿನಲ್ಲಿ 1980ರಲ್ಲಿ ವರದಿಯಾದ, ತಾನಾಗಿಯೇ ಮಧುಮೇಹ ಬರುವ ‘ನಾಡ್’ ಎಂಬ ಇಲಿಯ ತಳಿ ಇನ್ನೊಂದು ಆಧಾರವಾಯಿತು. 2002ರಲ್ಲಿ ಕವಾಸಾಕಿಯ ಪ್ರಾಯೋಗಿಕ ಪ್ರಾಣಿ ಕೇಂದ್ರದ ಮಮೊರು ಇಟೊ ತಂಡ ನಾಡ್, ಸ್ಕಿಡ್ ಮತ್ತು ಗಾಮಾ ಸರಪಳಿ ದೋಷ, ಈ ಮೂರನ್ನೂ ಒಂದೇ ಇಲಿಯಲ್ಲಿ ಕೂಡಿಸಿತು. 2005ರಲ್ಲಿ ಜಾಕ್ಸನ್ ಪ್ರಯೋಗಾಲಯದ ಲೆನಾರ್ಡ್ ಶುಲ್ಜ್ ತಂಡ ಅದೇ ಜಾಡಿನ ಮತ್ತೊಂದು ತಳಿಯನ್ನು ಪ್ರಕಟಿಸಿತು. ಹೆರಿಗೆಯಾದ ಮೇಲೆ ಹೊಕ್ಕುಳಬಳ್ಳಿಯಲ್ಲಿ ಉಳಿಯುವ ರಕ್ತದಿಂದ ಆಕರ ಕೋಶಗಳನ್ನು ತೆಗೆದು ಈ ಇಲಿಗಳಿಗೆ ಕೊಟ್ಟರೆ, ಮೂರು ನಾಲ್ಕು ತಿಂಗಳಲ್ಲಿ ಅವುಗಳ ಮೈಯಲ್ಲಿ ಮನುಷ್ಯನ ಟಿ ಕೋಶ, ಬಿ ಕೋಶಗಳು ಓಡಾಡತೊಡಗುತ್ತವೆ. ನಾಡ್ ತಳಿಯೇ ಏಕೆ ಇಷ್ಟು ಒಗ್ಗಿತೆಂಬುದು 2007ರಲ್ಲಿ ಗೊತ್ತಾಯಿತು. ಆ ತಳಿಯ ಭಕ್ಷಕ ಕೋಶಗಳ ಮೇಲಿನ ಒಂದು ಪ್ರೊಟೀನ್, ಮನುಷ್ಯ ಕೋಶಗಳ ‘ನನ್ನನ್ನು ತಿನ್ನಬೇಡ’ ಎಂಬ ಗುರುತನ್ನು ಆಕಸ್ಮಿಕವಾಗಿ ಚೆನ್ನಾಗಿ ಓದಬಲ್ಲದು.

ಜೀನನ್ನೇ ಬದಲಿಸಿದಾಗ

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ದಾರಿಯೂ ತೆರೆದಿತ್ತು. ಕೋಶಗಳನ್ನು ತಂದು ತುಂಬುವ ಬದಲು ಇಲಿಯ ಜೀನನ್ನೇ ಮನುಷ್ಯನ ಜೀನಿನಿಂದ ಬದಲಿಸುವ ದಾರಿ ಅದು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದಿದ್ದರು. ಆದರೆ ಆ ಪ್ರತಿಕಾಯಗಳು ಇಲಿಯವು. ರೋಗಿಯ ದೇಹ ಅವನ್ನೇ ಪರಕೀಯವೆಂದು ತಿಳಿದು ಅವುಗಳ ವಿರುದ್ಧ ತಿರುಗಿ ಬೀಳುತ್ತಿತ್ತು. 1994ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ, ಮನುಷ್ಯನ ಪ್ರತಿಕಾಯದ ಜೀನುಗಳನ್ನು ಹೊತ್ತ ಇಲಿಗಳನ್ನು ಪ್ರಕಟಿಸಿದವು. ಇವಕ್ಕೆ ಲಸಿಕೆ ಚುಚ್ಚಿದರೆ ಹುಟ್ಟುವುದು ಮನುಷ್ಯನ ಪ್ರತಿಕಾಯ.

ಇದೇ ಸುಮಾರಿಗೆ ಕ್ಯಾನ್ಸರ್ ಚಿಕಿತ್ಸೆಯ ದಿಕ್ಕೂ ಬದಲಾಯಿತು. ಟಿ ಕೋಶಗಳಿಗೆ ಬ್ರೇಕುಗಳಿವೆ. ಕ್ಯಾನ್ಸರ್ ಆ ಬ್ರೇಕುಗಳ ಲಾಭ ಪಡೆಯುತ್ತದೆ. ಜಪಾನಿನ ಕ್ಯೋಟೊದಲ್ಲಿ ತಸುಕು ಹೊಂಜೊ ತಂಡ 1992ರಲ್ಲಿ ಪಿಡಿ-1 ಎಂಬ ಪ್ರೊಟೀನನ್ನು ಪತ್ತೆಮಾಡಿತು. ಅದೂ ಇಂಥದೊಂದು ಬ್ರೇಕೆಂಬುದು ಮುಂದೆ ತಿಳಿಯಿತು. ಸಿಟಿಎಲ್‌ಎ-4 ಎಂಬ ಇನ್ನೊಂದು ಬ್ರೇಕನ್ನು ಪ್ರತಿಕಾಯದಿಂದ ಮುಚ್ಚಿದರೆ ಇಲಿಗಳ ಗಡ್ಡೆ ಕರಗುತ್ತದೆಂದು ಅಮೆರಿಕದ ಜೇಮ್ಸ್ ಆ್ಯಲಿಸನ್ ತಂಡ 1996ರಲ್ಲಿ ತೋರಿಸಿತು. ಮನುಷ್ಯನ ಜೀನು ಹೊತ್ತ ಇಲಿಗಳಿಂದ ಪಡೆದ ಇಪಿಲಿಮುಮಾಬ್ ಎಂಬ ಪ್ರತಿಕಾಯಕ್ಕೆ 2011ರಲ್ಲಿ ಅಮೆರಿಕ ಅನುಮತಿ ನೀಡಿತು. ಹರಡಿದ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ರೋಗಿಗಳ ಆಯುಸ್ಸನ್ನು ಅದು ಹೆಚ್ಚಿಸಿತು. ಹೊಂಜೊ ಮತ್ತು ಆ್ಯಲಿಸನ್ ಅವರಿಗೆ 2018ರ ನೊಬೆಲ್ ಪ್ರಶಸ್ತಿ ದೊರೆಯಿತು.

ಸ್ವಾರಸ್ಯವೆಂದರೆ, ಇಪಿಲಿಮುಮಾಬ್ ಅಂಟುವುದು ಮನುಷ್ಯನ ಸಿಟಿಎಲ್‌ಎ-4ಗೆ, ಇಲಿಯದಕ್ಕೆ ಅಂಟುವುದಿಲ್ಲ. ಇಲಿಯಲ್ಲಿ ಹುಟ್ಟಿದ ಔಷಧಿಯನ್ನು ಸಾಮಾನ್ಯ ಇಲಿಯ ಮೇಲೆ ಪರೀಕ್ಷಿಸುವಂತಿಲ್ಲ! ಆದ್ದರಿಂದ ಇಲಿಯ ಪಿಡಿ-1, ಸಿಟಿಎಲ್‌ಎ-4 ಜೀನುಗಳನ್ನು ಕತ್ತರಿಸಿ ಆ ಜಾಗದಲ್ಲಿ ಮನುಷ್ಯನ ಜೀನಿನ ಭಾಗವನ್ನು ಕೂಡಿಸಿದ ತಳಿಗಳು ಬಂದವು. ಈ ಇಲಿಯ ರೋಗನಿರೋಧಕ ಶಕ್ತಿ ಪೂರ್ಣವಾಗಿದೆ. ಔಷಧಿ ಹಿಡಿಯುವ ಬೀಗ ಮಾತ್ರ ಮನುಷ್ಯನದು. 2018ರಲ್ಲಿ ಅಮೆರಿಕದ ಅನುಮತಿ ಪಡೆದ ಸೆಮಿಪ್ಲಿಮಾಬ್ ಎಂಬ ಪಿಡಿ-1 ಔಷಧಿ ಹುಟ್ಟಿದ್ದು ಮಾನವೀಕೃತ ಇಲಿಯಲ್ಲಿ, ಪರೀಕ್ಷೆಗೊಂಡದ್ದೂ ಮನುಷ್ಯನ ಪಿಡಿ-1 ಹೊತ್ತ ಇಲಿಗಳಲ್ಲಿ.

ಎರಡೂ ದಾರಿಗಳನ್ನು ಕೂಡಿಸಿದವರೂ ಇದ್ದಾರೆ. 2014ರಲ್ಲಿ ಯೇಲ್ ವಿಶ್ವವಿದ್ಯಾಲಯದ ರಿಚರ್ಡ್ ಫ್ಲಾವೆಲ್ ಮತ್ತು ಸಂಗಡಿಗರು, ರಕ್ತಕಣಗಳ ಬೆಳವಣಿಗೆಗೆ ಬೇಕಾದ ಮನುಷ್ಯ ಜೀನುಗಳನ್ನು ಮೊದಲು ಇಲಿಗೆ ಸೇರಿಸಿ, ಆಮೇಲೆ ಮನುಷ್ಯನ ಆಕರ ಕೋಶಗಳನ್ನು ಕೊಟ್ಟರು. ಹಿಂದಿನ ಇಲಿಗಳಲ್ಲಿ ಸರಿಯಾಗಿ ಬೆಳೆಯದಿದ್ದ ಮನುಷ್ಯನ ಭಕ್ಷಕ ಕೋಶಗಳು ಇಲ್ಲಿ ಬೆಳೆದು, ನೆಟ್ಟ ಮೆಲನೋಮಾ ಗಡ್ಡೆಯೊಳಕ್ಕೂ ನುಗ್ಗಿದವು.

ಬಿರುಗಾಳಿಯ ಮೂಲ

ಇಷ್ಟೆಲ್ಲ ಕಸರತ್ತಿನಿಂದ ರೋಗಿಗೆ ಆದ ಲಾಭವೇನು? 2012ರಲ್ಲಿ ಫಿಲಡೆಲ್ಫಿಯದ ಮಕ್ಕಳ ಆಸ್ಪತ್ರೆಯಲ್ಲಿ, ಬೇರೆ ಚಿಕಿತ್ಸೆಗಳೆಲ್ಲ ವಿಫಲವಾಗಿದ್ದ ರಕ್ತದ ಕ್ಯಾನ್ಸರಿನ ಆರು ವರ್ಷದ ಬಾಲಕಿಯೊಬ್ಬಳಿಗೆ ಕಾರ್-ಟಿ ಚಿಕಿತ್ಸೆ ಕೊಡಲಾಯಿತು. ರೋಗಿಯ ಟಿ ಕೋಶಗಳನ್ನೇ ಹೊರತೆಗೆದು, ಕ್ಯಾನ್ಸರನ್ನು ಗುರುತಿಸುವಂತೆ ಅವುಗಳ ಜೀನನ್ನು ತಿದ್ದಿ ಮರಳಿ ಕೊಡುವ ಚಿಕಿತ್ಸೆ ಇದು. ಸ್ವಂತ ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಲ್ಲಿ ಮನುಷ್ಯನ ಕ್ಯಾನ್ಸರ್ ಬೆಳೆಸಿ ಮೊದಲೇ ಪರೀಕ್ಷಿಸಿದ್ದರು, ಅವು ಗುಣವಾಗಿದ್ದವು. ಆದರೆ ಬಾಲಕಿಗೆ ವಿಪರೀತ ಜ್ವರ ಏರಿ ಜೀವಕ್ಕೇ ಸಂಚಕಾರ ಬಂತು. ನಾರ್ತ್‌ವಿಕ್ ಪಾರ್ಕ್‌ನಲ್ಲಿ ಕಂಡಂಥದೇ ಬಿರುಗಾಳಿ ಅದು. ರಕ್ತ ಪರೀಕ್ಷೆಯಲ್ಲಿ ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕ ಮಿತಿಮೀರಿರುವುದು ಕಂಡು, ಸಂಧಿವಾತಕ್ಕೆ ಬಳಸುವ ಟೊಸಿಲಿಜುಮಾಬ್ ಕೊಟ್ಟರು. ಅವಳು ಚೇತರಿಸಿಕೊಂಡಳು, ಕ್ಯಾನ್ಸರೂ ಹೋಯಿತು. 2017ರಲ್ಲಿ ಅಮೆರಿಕ ಈ ಚಿಕಿತ್ಸೆಗೆ ಅನುಮತಿ ನೀಡಿತು.

ಇಲಿಗಳು ಈ ಅಪಾಯವನ್ನು ಮುಂಚೆಯೇ ಏಕೆ ಹೇಳಲಿಲ್ಲ? ಉತ್ತರ ಬಂದದ್ದು 2018ರಲ್ಲಿ. ಇಟಲಿಯ ಮಿಲಾನಿನ ಸಾನ್ ರಾಫೆಲೆ ಸಂಸ್ಥೆಯ ವಿಜ್ಞಾನಿಗಳು ಟಿ ಕೋಶಗಳ ಜೊತೆಗೆ ಮನುಷ್ಯನ ಮಾನೊಸೈಟ್ ಎಂಬ ರಕ್ತಕಣಗಳೂ ಇರುವ ಮಾನವೀಕೃತ ಇಲಿಗಳನ್ನು ಬಳಸಿದರು. ಆಗ ಇಲಿಗಳಲ್ಲೂ ಬಿರುಗಾಳಿ ಎದ್ದಿತು. ಅದನ್ನು ಎಬ್ಬಿಸುತ್ತಿದ್ದವು ಮಾನೊಸೈಟುಗಳು. ಇಂಟರ್‌ಲ್ಯೂಕಿನ್-6ಕ್ಕಿಂತ ಗಂಟೆಗಳ ಮುಂಚೆಯೇ ಇಂಟರ್‌ಲ್ಯೂಕಿನ್-1 ಏಳುತ್ತದೆಂದೂ, ಅದನ್ನು ತಡೆಯುವ ಅನಕಿನ್ರ ಎಂಬ ಹಳೆಯ ಔಷಧಿ ಇಲಿಗಳನ್ನು ಮಿದುಳಿನ ತೊಂದರೆಯಿಂದಲೂ ಕಾಪಾಡುತ್ತದೆಂದೂ ಅವರು ತೋರಿಸಿದರು. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ ತಂಡವೂ ಬೇರೊಂದು ಬಗೆಯ ಇಲಿಯಲ್ಲಿ ಇಂಥದೇ ನಿರ್ಣಯಕ್ಕೆ ಬಂತು. ಹಿಂದಿನ ಇಲಿಗಳಲ್ಲಿ ಮನುಷ್ಯನ ಮಾನೊಸೈಟುಗಳು ಇರಲಿಲ್ಲ. ಆದ್ದರಿಂದ ಮನುಷ್ಯನಲ್ಲಿ ಏಳುವ ಬಿರುಗಾಳಿ ಅವುಗಳಲ್ಲಿ ಕಾಣಲಿಲ್ಲ.

ಟಿಜಿಎನ್ 1412 ಕೂಡ ಹೀಗೆಯೇ ಮರುಪರೀಕ್ಷೆಗೆ ಒಳಗಾಗಿದೆ. ಕೋತಿಗಳು ಬಿಟ್ಟುಕೊಡದ ಗುಟ್ಟನ್ನು ಮನುಷ್ಯನ ರಕ್ತಕಣ ತುಂಬಿದ ಇಲಿಗಳು ತೋರಿಸಿಕೊಟ್ಟವು. ಆ ಆರು ಮಂದಿಯ ಪಾಲಿಗೆ ಅದು ತಡವಾಗಿ ಬಂದ ಸಾಕ್ಷ್ಯ.

ಭಾರತದಲ್ಲೂ ಈ ಚಿಕಿತ್ಸೆ ಕಾಲಿಟ್ಟಿದೆ. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ ಸೇರಿ ಬೆಳೆಸಿದ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಅಮೆರಿಕದ ಮೊದಲ ಕಾರ್-ಟಿಯಲ್ಲಿ ಕ್ಯಾನ್ಸರನ್ನು ಗುರುತಿಸುವ ತುಣುಕು ಇಲಿಯ ಪ್ರತಿಕಾಯದಿಂದ ಬಂದದ್ದು. ಮುಂಬಯಿಯವರು ಅದನ್ನು ಮಾನವೀಕರಿಸಿ ಬಳಸಿದರು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ಸ್ಪೇನಿನ ಬಾರ್ಸಿಲೋನಾದ ಆಸ್ಪತ್ರೆಯೊಂದರಿಂದ ತಂತ್ರಜ್ಞಾನ ಪಡೆದು, 2025ರ ಜನವರಿಯಲ್ಲಿ ತನ್ನ ಕಾರ್-ಟಿ ಚಿಕಿತ್ಸೆಯನ್ನು ಹೊರತಂದಿತು.

ಇಲಿಯ ಮಿತಿ

ಮಾನವೀಕೃತ ಇಲಿಗೂ ಅದರದೇ ಮಿತಿಗಳಿವೆ. ಮನುಷ್ಯನ ರಕ್ತಕಣ ಚುಚ್ಚಿದ ಇಲಿಗಳಲ್ಲಿ ಆ ಕಣಗಳು ಕೆಲವೇ ವಾರಗಳಲ್ಲಿ ಇಲಿಯ ಮೈಮೇಲೆಯೇ ಎರಗುತ್ತವೆ. ಆಕರ ಕೋಶಗಳಿಂದ ಹುಟ್ಟಿದ ಟಿ ಕೋಶಗಳು ಪಾಠ ಕಲಿಯುವುದು ಇಲಿಯ ಥೈಮಸ್ಸಿನಲ್ಲಿ. ಮನುಷ್ಯನ ಗಡ್ಡೆಯನ್ನು ಅವು ಸರಿಯಾಗಿ ಗುರುತಿಸುತ್ತವೆಂಬ ಭರವಸೆಯಿಲ್ಲ. ಯೇಲ್‌ನ ಇಲಿಗಳಲ್ಲಿ ಮನುಷ್ಯನ ಭಕ್ಷಕ ಕೋಶಗಳು ಇಲಿಯ ಕೆಂಪು ರಕ್ತಕಣಗಳನ್ನೇ ನುಂಗುವುದರಿಂದ ಇಲಿಗೆ ರಕ್ತಹೀನತೆ ಬರುತ್ತದೆ. ಒಳಗೆ ಮನುಷ್ಯ ಬಲವಾದಷ್ಟೂ ಹೊರಗಿನ ಇಲಿ ಬಡವಾಗುತ್ತದೆ.

ಪ್ರಾಣಿಗಳನ್ನು ಹೀಗೆ ಬಳಸುವುದು ಸರಿಯೇ ಎಂಬ ಪ್ರಶ್ನೆಯೂ ಇದೆ. ಹೊಸ ಔಷಧಿಗಳಿಗೆ ಪ್ರಾಣಿಪರೀಕ್ಷೆ ಕಡ್ಡಾಯವೆಂಬ ನಿಯಮವನ್ನು ಅಮೆರಿಕ 2022ರ ಡಿಸೆಂಬರಿನಲ್ಲಿ ಸಡಿಲಿಸಿತು. ಪ್ರಾಣಿಯೇತರ ವಿಧಾನಗಳಿಗೆ ಭಾರತವೂ 2023ರ ಮಾರ್ಚಿನಲ್ಲಿ ನಿಯಮ ತಿದ್ದಿ ಅವಕಾಶ ಕಲ್ಪಿಸಿತು. ಪ್ರತಿಕಾಯ ಔಷಧಿಗಳಿಂದ ಮೊದಲುಗೊಂಡು ಪ್ರಾಣಿಪರೀಕ್ಷೆಯನ್ನು ಹಂತಹಂತವಾಗಿ ತಗ್ಗಿಸುವುದಾಗಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2025ರ ಏಪ್ರಿಲಿನಲ್ಲಿ ಪ್ರಕಟಿಸಿತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮಾನವ ಅಂಗಾಂಶಗಳೂ ಗಣಕಯಂತ್ರದ ಲೆಕ್ಕಾಚಾರಗಳೂ ಮುಂದೆ ಇಲಿಯ ಭಾರವನ್ನು ಹಗುರಗೊಳಿಸಬಹುದು.

ಆದರೆ ಅವುಗಳಿಗೂ ಇಲಿಯ ಪಾಠವೇ ಅನ್ವಯಿಸುತ್ತದೆ. ಪರೀಕ್ಷೆಯೊಳಗೆ ಮನುಷ್ಯನ ಯಾವ ಭಾಗವನ್ನು ಇಟ್ಟಿದ್ದೇವೋ ಅದರ ಬಗ್ಗೆ ಮಾತ್ರ ಪರೀಕ್ಷೆ ಮಾತನಾಡುತ್ತದೆ. ಇಡದ ಭಾಗದ ಬಗ್ಗೆ ಅದು ಮೌನ. ಆ ಮೌನವನ್ನು ‘ಸುರಕ್ಷಿತ’ ಎಂದು ಓದಿದ್ದೇ ಲಂಡನ್ನಿನಲ್ಲಿ ಆದ ತಪ್ಪು. ಆ ಘಟನೆಯ ಬಳಿಕ ಬ್ರಿಟನ್ನಿನ ತಜ್ಞರ ಸಮಿತಿ ಕೊಟ್ಟ ಸಲಹೆ ಬಹಳ ಸರಳವಾಗಿತ್ತು: ಇಂಥ ಹೊಸ ಔಷಧಿಯನ್ನು ಎಲ್ಲರಿಗೂ ಒಂದೇ ಬೆಳಿಗ್ಗೆ ಕೊಡಬೇಡಿ, ಮೊದಲು ಒಬ್ಬರಿಗೆ ಕೊಟ್ಟು, ಕಾದು ನೋಡಿ, ಆಮೇಲೆ ಇನ್ನೊಬ್ಬರ ಬಳಿಗೆ ಹೋಗಿ. ಎಷ್ಟೇ ಇಲಿಗಳು ದಾಟಿ ಬಂದ ಔಷಧಿಯಾದರೂ ಅದನ್ನು ಮೊದಲು ತೆಗೆದುಕೊಳ್ಳುವ ಮನುಷ್ಯನ ಪಕ್ಕದಲ್ಲಿ ಯಾರಾದರೂ ಎಚ್ಚರವಾಗಿ ಕೂತಿರಬೇಕು.